ಕೆಂಪು ಫ್ರಾಕಿನ ಮಕ್ಕಳು

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಮುಳ್ಳೇರಿಯ ಪೇಟೆಯಲ್ಲಿ ಜನ ಎರಡು ಪ್ರಶ್ನೆ ಕೇಳುತ್ತಾರೆ: ಚಳಿ ಹೇಗಿತ್ತು, ಊಟಕ್ಕೆ ಎಂತ ಮಾಡಿದಿರಿ. ಎರಡಕ್ಕೂ ನನ್ನಲ್ಲಿ ಸಿದ್ಧ ಉತ್ತರ ಉಂಟು. "ಎಂತೆಲ್ಲ ನೋಡಿದಿರಿ?" ಎಂದು ಯಾರಾದರೂ ಮೂರನೆಯ ಪ್ರಶ್ನೆ ಹಾಕಿದರೆ ಮಾತ್ರ ನಾನು ಕ್ಯಾಮೆರಾದ ಲೆನ್ಸು ಒರೆಸಲಿಕ್ಕೆ ತೊಡಗುತ್ತೇನೆ. ಹನ್ನೆರಡು ದಿನಗಳಲ್ಲಿ ನಾನು ನೋಡಿದ್ದು ಒಂದು ಮದುವೆ ಹಾಲ್, ಫ್ರೇಮು ಮಾರುವ ಒಂದು ಅಂಗಡಿ, ಒಂದು ಮ್ಯೂಸಿಯಂ. ಆ ಮ್ಯೂಸಿಯಂನಲ್ಲೂ ಒಂದೇ ಕೋಣೆ. ಎತ್ತರದ ಕಟ್ಟಡ, ಜಲಪಾತ ಬೇಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಓದುವವರು ಕಡಿಮೆ ಇದ್ದಷ್ಟೂ ನನಗೆ ಸಮಾಧಾನವಾಗುವ ಪ್ರವಾಸ ಇದು.

ಹೊರಡುವ ಮೊದಲು

ಮುಳ್ಳೇರಿಯದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮೂವತ್ತೆರಡು ವರ್ಷದಿಂದ ಕುಂಬ್ಡಾಜೆಯಿಂದ ಬೋವಿಕಾನದವರೆಗಿನ ಮುಖಗಳೆಲ್ಲ ನನ್ನ ದೀಪದ ಕೆಳಗೆ ಕೂತು ಎದ್ದು ಹೋಗಿವೆ. ಕುಂಬ್ಡಾಜೆಯ ಸುಮತಿಯಕ್ಕನ ಮಗಳು ಶ್ರುತಿ ಮ್ಯಾಸಚೂಸೆಟ್ಸಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿಯವನೇ ಆದ ಡ್ಯಾನಿಯಲ್ ಎಂಬ ಹುಡುಗನನ್ನು ಮದುವೆಯಾಗುವುದೆಂದು ನಿಶ್ಚಯವಾಯಿತು. ನಮ್ಮ ಕ್ರಮದಲ್ಲೇ ಧಾರೆ ಆಗಬೇಕು ಎಂದು ಸುಮತಿಯಕ್ಕ ಹಟ ಹಿಡಿದರು. ಹಿಂದೆ ಅಲ್ಲಿ ನಮ್ಮವರದ್ದೇ ಒಂದು ಮದುವೆಯಲ್ಲಿ ಅಮೆರಿಕದ ಫೋಟೋಗ್ರಾಫರ್ ಧಾರೆ ನೀರು ಬೀಳುವ ಹೊತ್ತಿಗೆ ಸರಿಯಾಗಿ ಅತಿಥಿಗಳ ಚಪ್ಪಲಿ ಸಾಲಿನ ಫೋಟೋ ತೆಗೆಯುತ್ತಿದ್ದನಂತೆ.

"ಶಂಕರ, ನೀನು ಬಾ ಮಾರಾಯ," ಎಂದರು ಸುಮತಿಯಕ್ಕ. "ನನಗೂ ಒಬ್ಬಳೇ ವಿಮಾನ ಹತ್ತಲಿಕ್ಕೆ ಧೈರ್ಯ ಇಲ್ಲ. ಶ್ರುತಿಯ ಅಪ್ಪ ಇದ್ದಿದ್ದರೆ ಬೇರೆ."

ನನ್ನ ಧೈರ್ಯದ ವಿಷಯ ಅವರಿಗೆ ಗೊತ್ತಿರಲಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ವಾಪಸು ಬರುವವ ನಾನು. ವಿಮಾನ ಬಿದ್ದರೆ ಎಂದು ಹೆದರಿ, ಕಪಾಟಿನ ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಹೆಂಡತಿಯ ಕೈಯಲ್ಲಿ ಕೊಟ್ಟೆ. ಅವುಗಳಲ್ಲಿ ಒಂದನ್ನು ಮಾತ್ರ ನನ್ನ ಫೋನಿಗೆ ಹಾಕಿಕೊಂಡೆ. ವಿಮಾನ ಬಿದ್ದರೆ ಫೋನೂ ಬೀಳುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಸೂಟ್‌ಕೇಸ್

ಶ್ರುತಿಯ ಮನೆ ಮುಟ್ಟಿದ ಮೇಲೆ ಸುಮತಿಯಕ್ಕ ಮೊದಲು ಬಿಚ್ಚಿದ್ದು ಸೀರೆಗಳ ನಡುವೆ ಸುತ್ತಿ ಇಟ್ಟಿದ್ದ ಎರಡು ಪಟಗಳನ್ನು. ಗಂಡನ ಪಟ ಸರಿ ಇತ್ತು. ಇನ್ನೊಂದರ ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು. ಅದು ಅವರ ಮೊದಲ ಮಗ ಪ್ರಸಾದನದ್ದು. ಮೂರು ತುಂಬುವ ಮೊದಲೇ ಜ್ವರ ಬಂದು ಹೋದ ಮಗು. ತಂಗಿಯ ಮದುವೆಯ ಮಂಟಪದಲ್ಲಿ ಅಣ್ಣನೂ ಇರಬೇಕು ಎಂದು ಗಂಧದ ಮಾಲೆಯ ಸಮೇತ ತಂದಿದ್ದರು.

"ನೀನೇ ಮಾಡಿಕೊಟ್ಟ ಪಟ. ನೀನೇ ಸರಿ ಮಾಡು," ಎಂದರು. ಅದರಲ್ಲಿ ಕುಟುಕು ಏನೂ ಇರಲಿಲ್ಲ. ಕುಟುಕಿದ್ದು ಮಾತ್ರ ಹೌದು.

ಮರುದಿನ ಡ್ಯಾನಿಯಲ್ ನನ್ನನ್ನು ಒಂದು ಅಂಗಡಿಗೆ ಕರೆದುಕೊಂಡು ಹೋದ. ಆ ಊರಿನಲ್ಲಿ ಫ್ರೇಮನ್ನು ಖಾಲಿ ಮಾರುವುದಿಲ್ಲ. ಒಳಗೆ ಯಾರದೋ ಮಗು ನಗುತ್ತಿರುವ ಒಂದು ಮಾದರಿ ಚಿತ್ರ ಇಟ್ಟಿರುತ್ತಾರೆ. ಕೊಂಡವರು ಅದನ್ನು ತೆಗೆದು ತಮ್ಮ ಮಗುವನ್ನು ಇಡಬೇಕು. ಮನೆಗೆ ಬಂದು ಆ ಚಿನ್ನದ ಕೂದಲಿನ ಮಗುವನ್ನು ಹೊರಗೆಳೆದೆ. ಸುಮತಿಯಕ್ಕನ ಪಟ ಒಳಗಿಟ್ಟೆ. ಆ ಮುಖವನ್ನು ನೇರ ನೋಡದೆ ಹೊಸ ಗಾಜು ಮುಚ್ಚಿದೆ.

ಯಾಕೆಂದರೆ ಒಳಗಿಟ್ಟದ್ದೂ ಅವರ ಮಗುವನ್ನಲ್ಲ.

ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಗಂಡು ಮಗುವಿನ ಮುಡಿ ತೆಗೆಯುವ ಮೊದಲು ಒಮ್ಮೆ ಹೆಣ್ಣು ಮಗುವಿನ ಹಾಗೆ ಅಲಂಕಾರ ಮಾಡಿ ಫೋಟೋ ತೆಗೆಸುವುದುಂಟು. ಬೆಳೆದ ಕೂದಲಿಗೆ ಜಡೆ ಹಾಕಿ, ಮಲ್ಲಿಗೆ ಮುಡಿಸಿ, ಬೊಟ್ಟಿಟ್ಟು, ಕಾಡಿಗೆ ಹಚ್ಚಿ ತಾಯಂದಿರು ಕರೆತರುತ್ತಾರೆ. ಫ್ರಾಕು ಮಾತ್ರ ಸ್ಟುಡಿಯೋದ್ದು. ನನ್ನಲ್ಲಿ ಕೆಂಪು ಫ್ರಾಕು ಒಂದು, ಬಿಳಿ ಶೂ ಒಂದು ಜೊತೆ ಇತ್ತು. ಸುತ್ತಲಿನ ಊರಿನ ಗಂಡು ಮಕ್ಕಳೆಲ್ಲ ಒಂದು ಪ್ರಾಯದಲ್ಲಿ ಆ ಫ್ರಾಕಿನೊಳಗೆ ಹೊಕ್ಕು ಹೊರಬಂದವರೇ. ಮೂವತ್ತೊಂದು ವರ್ಷದ ಹಿಂದೆ ಒಂದೇ ದಿನ ಎರಡು ಮಕ್ಕಳು ಬಂದವು. ಒಂದು ಪ್ರಸಾದ, ಇನ್ನೊಂದು ಬೋವಿಕಾನದ ಹರೀಶ. ನೆಗೆಟಿವ್ ಇಟ್ಟ ಎರಡೂ ಲಕೋಟೆಗಳ ಮೇಲೆ ನಾನು "ಗಂಡು, ಜಡೆ" ಎಂದಷ್ಟೇ ಬರೆದೆ. ಹೆಸರು ಬರೆಯಲಿಲ್ಲ. ಗ್ಯಾಸಿನ ಬಗ್ಗೆ ಆ ಕಾಲದಲ್ಲೂ ಹೆದರುತ್ತಿದ್ದೆ, ಹೆಸರಿನ ಬಗ್ಗೆ ಹೆದರಿರಲಿಲ್ಲ.

ಹತ್ತು ದಿನದಲ್ಲಿ ಪ್ರಸಾದ ಇಲ್ಲವಾದ. ಮನೆಯಲ್ಲಿ ಬೇರೆ ಒಂದು ಫೋಟೋ ಇಲ್ಲ. ಅವನ ಅಪ್ಪ ಬಂದು, "ಜಡೆ, ಬೊಟ್ಟು ಎಲ್ಲ ತೆಗೆದು ಗಂಡು ಮಗುವಿನ ಹಾಗೆ ಮಾಡಿಕೊಡು," ಎಂದರು. ನಾನು ಕೈಗೆ ಸಿಕ್ಕಿದ ಲಕೋಟೆ ತೆರೆದೆ. ಪ್ರಿಂಟು ಹಾಕಿ, ಎರಡು ದಿನ ಕೂತು ಅದರ ಮೇಲಿನ ಬೊಟ್ಟನ್ನು ಬ್ಲೇಡಿನಿಂದ ಕೆರೆದೆ, ಪೆನ್ಸಿಲಿನಿಂದ ಹೂ ಅಳಿಸಿದೆ, ಬೈತಲೆ ಮುಚ್ಚಿ ಕ್ರಾಪು ಬರೆದೆ, ಫ್ರಾಕಿನ ಮೇಲೆ ಶರ್ಟಿನ ಕಾಲರ್ ಕೂರಿಸಿದೆ. ಎದೆಯವರೆಗೆ ಕತ್ತರಿಸಿ ಫ್ರೇಮು ಹಾಕಿ ಕೊಟ್ಟೆ. ಸುಮತಿಯಕ್ಕ ಪಟ ಹಿಡಿದು ತುಂಬ ಹೊತ್ತು ನೋಡಿದರು.

"ಗಲ್ಲ ಸ್ವಲ್ಪ ಬೇರೆ ಉಂಟಲ್ವಾ?" ಎಂದರು.

"ಫೋಟೋದಲ್ಲಿ ಹಾಗೆಯೇ ಬರುವುದು ಅಕ್ಕಾ," ಎಂದೆ. ದೇವರಾಣೆ, ನಾನೂ ಹಾಗೆಂದೇ ನಂಬಿದ್ದೆ.

ತಿಂಗಳ ಮೇಲೆ ಹರೀಶನ ತಾಯಿ ಬಂದರು. ಉಳಿದ ಲಕೋಟೆಯಿಂದ ಪ್ರಿಂಟು ಹಾಕಿ ಕೊಟ್ಟೆ. "ಇದು ಯಾರ ಮಗು? ನನ್ನದಲ್ಲ," ಎಂದು ಅವರು ನಗಾಡಿದರು. ಹರೀಶನ ನೆಗೆಟಿವ್ ಹುಡುಕಿ ಬೇರೆ ಪ್ರಿಂಟು ಕೊಟ್ಟು ಕಳಿಸಿದೆ. ಆಮೇಲೆ ಬಾಗಿಲು ಹಾಕಿ ಕೂತೆ. ನಾಳೆ ಕುಂಬ್ಡಾಜೆಗೆ ಹೋಗಿ ಹೇಳುತ್ತೇನೆ ಎಂದುಕೊಂಡೆ. ಆ ನಾಳೆಗೆ ಮೂವತ್ತೊಂದು ವರ್ಷ ಆಯಿತು. ಹರೀಶ ಈಗ ಬೋವಿಕಾನ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾನೆ. ಅವನ ಆಟೋದಲ್ಲಿ ನಾನು ಕೂರುವುದಿಲ್ಲ.

ಮದುವೆ ಹಾಲ್

ಮದುವೆಯ ಬಗ್ಗೆ ಹೇಳಲಿಕ್ಕೆ ಹೆಚ್ಚಿಲ್ಲ. ಧಾರೆಯ ನೀರು ಬೀಳುವಾಗ ಹನ್ನೆರಡು ಫೋಟೋ ಹೊಡೆದೆ, ಹನ್ನೆರಡೂ ಸಿಕ್ಕಿದವು. ಹೋದ ಕೆಲಸ ಅಷ್ಟೇ.

ಕಷ್ಟವಾದದ್ದು ಗ್ರೂಪ್ ಫೋಟೋಕ್ಕೆ. ನಮ್ಮವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದರೆ ಉಸಿರು ಬಿಗಿಹಿಡಿದು, ಕೈ ಎರಡೂ ತೊಡೆಗೆ ಅಂಟಿಸಿ, ಪೊಲೀಸ್ ಸ್ಟೇಷನ್ನಿನಲ್ಲಿ ನಿಂತ ಹಾಗೆ ನಿಲ್ಲುತ್ತಾರೆ. ಅಮೆರಿಕದವರಿಗೆ ನಗು ನಿಲ್ಲಿಸಲಿಕ್ಕೆ ಆಗುವುದೇ ಇಲ್ಲ. ಎಲ್ಲರಿಗೂ ಮೂವತ್ತೆರಡು ಹಲ್ಲು, ಅಜ್ಜಿಯಂದಿರಿಗೂ. "ಸ್ವಲ್ಪ ಗಂಭೀರ," ಎಂದು ಕೇಳಿಕೊಂಡೆ. ಅದಕ್ಕೂ ನಕ್ಕರು. ಎಡಗಡೆ ಸುಮತಿಯಕ್ಕನೊಬ್ಬರೇ ನಗದೆ ನಿಂತರು. ಅವರ ಹಿಂದೆ ಹೊಸ ಫ್ರೇಮಿನಲ್ಲಿ ಬೋವಿಕಾನದ ಹರೀಶ, ಗಂಧದ ಮಾಲೆ ಹಾಕಿಸಿಕೊಂಡು ನನ್ನನ್ನೇ ನೋಡುತ್ತಿದ್ದ. ಅಂದಿನ ಎಲ್ಲ ಫೋಟೋಗಳಲ್ಲೂ ಅವನಿದ್ದಾನೆ. ಅವನನ್ನು ಬಿಟ್ಟು ಚೌಕಟ್ಟು ಮಾಡಲಿಕ್ಕೆ ನಾನು ಪಟ್ಟ ಪಾಡು ಕಂಡು ಡ್ಯಾನಿಯಲ್, "ಬಹಳ ಶ್ರದ್ಧೆಯಿಂದ ಕೆಲಸ ಮಾಡುತ್ತೀರಿ," ಎಂದ.

ಹನ್ನೊಂದು ಮಕ್ಕಳ ಕೋಣೆ

ಡ್ಯಾನಿಯಲ್‌ನ ದೊಡ್ಡಮ್ಮ ರೂತ್ ಆ ಊರಿನ ಸಣ್ಣ ಮ್ಯೂಸಿಯಂನಲ್ಲಿ ಬಂದವರಿಗೆ ವಿವರಿಸಿ ಹೇಳುವ ಕೆಲಸ ಮಾಡುತ್ತಾರೆ. ಎಪ್ಪತ್ತು ದಾಟಿದ ಹೆಂಗಸು. ಮದುವೆಯಾದ ನಾಲ್ಕನೆಯ ದಿನ, ಮದುಮಕ್ಕಳು ತಿರುಗಾಟಕ್ಕೆ ಹೋಗಿದ್ದಾಗ, ನಮ್ಮಿಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಸುಮತಿಯಕ್ಕನಿಗೆ ಇಂಗ್ಲಿಷ್ ಬಾರದು. ನನ್ನ ಇಂಗ್ಲಿಷ್ ಪಾಸ್‌ಪೋರ್ಟ್ ಫೋಟೋದ ಅಳತೆಯದ್ದು. ಆದರೂ ದುಭಾಷಿ ನಾನೇ.

ರೂತ್ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದರು. ಗೋಡೆಯ ತುಂಬ ಮಕ್ಕಳ ಚಿತ್ರ, ಲೆಕ್ಕಕ್ಕೆ ಹನ್ನೊಂದು. ಇನ್ನೂರು ವರ್ಷದ ಹಿಂದೆ ಅವರ ಹಳ್ಳಿಗಳಲ್ಲಿ ಬರೆದವಂತೆ. ದೊಡ್ಡ ಶಾಲೆಯಲ್ಲಿ ಕಲಿತ ಕಲಾವಿದರ ಕೆಲಸವಲ್ಲ, ಬೋರ್ಡು ಬರೆಯುವವರು, ಗಾಡಿಗೆ ಬಣ್ಣ ಹಚ್ಚುವವರು ಮನೆಮನೆಗೆ ಹೋಗಿ ಬರೆದದ್ದು. ಒಂದು ಮಗುವಿಗೆ ಕುತ್ತಿಗೆಯೇ ಇಲ್ಲ. ತಲೆ ನೇರ ಹೆಗಲಿನ ಮೇಲೆ ಕೂತಿದೆ. ಇನ್ನೊಂದರ ಕಾಲು ನೆಲ ಮುಟ್ಟುವುದಿಲ್ಲ, ಹಗ್ಗಕ್ಕೆ ಒಣಹಾಕಿದ ಹಾಗೆ ತೂಗುತ್ತಿದೆ. ನೆಲದ ಕಾರ್ಪೆಟ್ಟು ಗೋಡೆ ಹತ್ತುತ್ತಿದೆ. ಒಂದು ಮಗುವಿನ ಕಂಕುಳಲ್ಲಿ ಬೆಕ್ಕು. ಬೆಕ್ಕಿನ ಮುಖ, ಮಗುವಿನ ಮುಖ ಒಂದೇ. ಮತ್ತೆ, ಹನ್ನೊಂದರಲ್ಲಿ ಒಂದೂ ನಗುವುದಿಲ್ಲ! ಎಲ್ಲವೂ ಉಸಿರು ಬಿಗಿಹಿಡಿದು ನಿಂತಿವೆ. ಅಮೆರಿಕಕ್ಕೆ ಬಂದು ಒಂದು ವಾರದ ಮೇಲೆ ನಮ್ಮ ಜಿಲ್ಲೆಯವರನ್ನು ಕಂಡ ಹಾಗಾಯಿತು.

"ಅಕ್ಕಾ, ಇವನನ್ನು ನೋಡಿ," ಎಂದೆ. "ಎರಡು ವರ್ಷದ ಮಗುವಿಗೆ ಪೆನ್ಷನಿಗೆ ಹತ್ತಿರವಾದ ಮುಖ. ಕೈಗೊಂದು ಫೈಲು ಕೊಟ್ಟರೆ ಪಂಚಾಯತ್ ಆಫೀಸಿನಲ್ಲಿ ಕೂರಿಸಬಹುದು."

ಸುಮತಿಯಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಹುರುಪು ಬಂತು. ಸ್ಟುಡಿಯೋ ಇಟ್ಟವನ ಅಧಿಕಾರದಿಂದ ಮೂಗು, ಕೈ, ಬೆರಳು ಒಂದೊಂದನ್ನೇ ಹಿಡಿದು ಕೀಟಲೆ ಮಾಡಿದೆ. ನನ್ನದು ಎಂತಹ ಗಟ್ಟಿ ನಗೆಯೆಂದರೆ, ಪಕ್ಕದ ಕೋಣೆಯಿಂದ ಕಾವಲಿನವನು ಇಣುಕಿ ನೋಡಿದ.

"ಏನಂತೆ?" ಎಂದು ರೂತ್ ಕೇಳಿದರು.

"ಬಣ್ಣ ಚೆನ್ನಾಗಿದೆ ಅಂತ," ಎಂದೆ.

ರೂತ್ ಕೆಂಪು ಫ್ರಾಕಿನ ಒಂದು ಮಗುವನ್ನು ತೋರಿಸಿದರು. ಇದು ಹೆಣ್ಣೋ ಗಂಡೋ ಹೇಳಿ ನೋಡುವಾ ಎಂದರು. ಹೆಣ್ಣು ಎಂದೆವು ಇಬ್ಬರೂ. ಅಲ್ಲ, ಗಂಡು. ಆ ಕಾಲದಲ್ಲಿ ಸಣ್ಣ ಗಂಡು ಮಕ್ಕಳಿಗೂ ಫ್ರಾಕೇ. ಬೈತಲೆ ನಡುವೆ ಇದ್ದರೆ ಸಾಧಾರಣವಾಗಿ ಹೆಣ್ಣು, ಪಕ್ಕಕ್ಕಿದ್ದರೆ ಗಂಡು. ಕೈಯಲ್ಲಿ ಗೊಂಬೆಯೋ ಚಾವಟಿಯೋ ಎಂದೂ ನೋಡಬೇಕು.

ಇದನ್ನು ಸರಿಯಾಗಿ ಅನುವಾದಿಸಿದೆ. ಸುಮತಿಯಕ್ಕನ ಮುಖ ಅರಳಿತು. "ಇವರಲ್ಲಿಯೂ ಉಂಟಾ! ನಮ್ಮ ಪ್ರಸಾದನಿಗೂ ಹಾಗೆ ಮಾಡಿದ್ದಲ್ವಾ ಶಂಕರ? ನಿನ್ನ ಆ ಕೆಂಪು ಫ್ರಾಕು. ಹೇಳು, ಅವರಿಗೆ ಹೇಳು."

ಹೇಳಿದೆ. ರೂತ್ ಸುಮತಿಯಕ್ಕನ ಕೈ ಹಿಡಿದುಕೊಂಡರು. ಆಮೇಲೆ ಇನ್ನೂ ಎರಡು ಚಿತ್ರ ತೋರಿಸಿದರು. ಬೇರೆ ಬೇರೆ ಮನೆಯ ಮಕ್ಕಳು. ಅದೇ ಕೆಂಪು ಫ್ರಾಕು, ಅದೇ ನಾಯಿ. ಚಿತ್ರಗಾರ ಒಬ್ಬನೇ ಎಂದರು. ಅವನಿಗೆ ಬರುತ್ತಿದ್ದದ್ದು ಅದೊಂದೇ ಫ್ರಾಕು, ಅದೊಂದೇ ನಾಯಿ ಇರಬೇಕು. "ಮುಖ ಕೂಡ ಹೆಚ್ಚುಕಡಿಮೆ ಒಂದೇ, ಅಲ್ಲವೇ? ಈ ಮೂರರಲ್ಲಿ ಒಂದಕ್ಕೆ ನಾವು ತುಂಬ ವರ್ಷ ತಪ್ಪು ಹೆಸರು ಬರೆದಿದ್ದೆವು. ಯಾವ ಮಗು ಯಾವುದು ಎಂದು ಅದಲುಬದಲಾಗಿತ್ತು. ಈಗ ಸರಿ ಮಾಡಿದ್ದೇವೆ."

"ಎಂತ ಹೇಳಿದ್ದು?" ಎಂದರು ಸುಮತಿಯಕ್ಕ.

"ನಾಯಿ ಬಗ್ಗೆ," ಎಂದೆ.

ಕೊನೆಯ ಚಿತ್ರ ಕಿಟಕಿಯ ಪಕ್ಕ ಇತ್ತು. ಅದೂ ಫ್ರಾಕಿನ ಮಗು. ನಾನು ಪಂಚಾಯತ್ ಆಫೀಸಿಗೆ ಕಳಿಸಿದ್ದು ಇದನ್ನೇ. ಈಗ ನೋಡಿದೆ: ಒಂದು ಕಾಲಲ್ಲಿ ಶೂ ಇದೆ, ಇನ್ನೊಂದು ಕಾಲು ಬರಿಗಾಲು. ಕಳಚಿದ ಶೂವನ್ನು ಮಗು ಕೈಯಲ್ಲಿ ಹಿಡಿದಿದೆ. ರೂತ್ ದನಿ ತಗ್ಗಿಸಿದರು. ಈ ಮಗು ತೀರಿಕೊಂಡ ಮೇಲೆ ಚಿತ್ರಗಾರನನ್ನು ಕರೆಸಿದ್ದು ಎಂದರು. ಆಗ ಹಾಗೆ ತುಂಬ ಮನೆಗಳಲ್ಲಿ ಮಾಡಿಸುತ್ತಿದ್ದರು. ಒಂದು ಕಾಲಿನ ಶೂ ಕಳಚಿದ್ದು ಅದರ ಗುರುತು ಎಂದು ಕೆಲವರು ಹೇಳುತ್ತಾರೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಮತ್ತೂ ಏನೇನೋ ಹೇಳಿದರು. ಅಷ್ಟರಲ್ಲಿ ಬೇರೆ ಯಾರೋ ಬಂದರು, ರೂತ್ ಅವರ ಕಡೆಗೆ ಹೋದರು.

"ಎಂತ?"

"ಶೂ ಬಿಗಿ ಆಗಿತ್ತಂತೆ."

ಸುಮತಿಯಕ್ಕ ಚಿತ್ರ ಬಿಟ್ಟು ನನ್ನನ್ನು ನೋಡಿದರು. "ಅವರು ಅಷ್ಟುದ್ದ ಹೇಳಿದ್ದು, ನೀನು ಇಷ್ಟು ಹೇಳ್ತಿ. ನನಗೆ ಭಾಷೆ ಬರುವುದಿಲ್ಲ ಶಂಕರ, ಕಣ್ಣು ಕಾಣ್ತದೆ. ಅವರ ಕಣ್ಣಲ್ಲಿ ನೀರು ಇತ್ತು."

ಬೆಂಚು

ಕೋಣೆಯ ನಡುವೆ ಒಂದು ಬೆಂಚು ಇತ್ತು. ಕೂತು, ರೂತ್ ಹೇಳಿದ್ದನ್ನೆಲ್ಲ ಹೇಳಿದೆ. ಸತ್ತ ಮಗುವನ್ನು ಇಟ್ಟುಕೊಂಡು ನಾನು ನಕ್ಕದ್ದು ಎಂಬುದನ್ನೂ ಹೇಳಿದೆ.

ಸುಮತಿಯಕ್ಕ ಆ ಮಗುವಿನ ಬರಿಗಾಲನ್ನು ನೋಡಿದರು. ಆಮೇಲೆ, "ಪ್ರಸಾದನೂ ಅವತ್ತು ಒಂದು ಶೂ ಒದ್ದು ಬಿಸಾಡಿದ್ದ, ನೆನಪುಂಟಾ?" ಎಂದರು. "ಅದು ದೊಡ್ಡದಾಗ್ತಿತ್ತು. ನೀನು ಕ್ಯಾಮೆರಾ ಸ್ಟ್ಯಾಂಡಿನ ಅಡಿಯಲ್ಲಿ ಹುಡುಕಿ ಹುಡುಕಿ, ಇನ್ನು ಸಾಕು, ಹಾಗೆಯೇ ನಿಲ್ಲಲಿ ಅಂತ ಬೈದಿದ್ದಿ. ಒಂದು ಕಾಲಲ್ಲಿ ಶೂ, ಒಂದು ಕಾಲು ಖಾಲಿ. ಪಟದಲ್ಲಿ ನೀನು ಕಾಲು ಇಡಲೇ ಇಲ್ಲ. ಕಾಲು ಇದ್ದಿದ್ದರೆ ಒಳ್ಳೆದಿತ್ತು ಅಂತ ನಾನು ಯಾವಾಗಲೂ ಎಣಿಸುವುದು."

ಚಿತ್ರದ ಮಗುವನ್ನು ತೋರಿಸಿ ಕೇಳಿದರು: "ಸತ್ತ ಮೇಲೆ ಬರೆದದ್ದಾದರೆ ಕಣ್ಣು ಹೇಗೆ ಬಿಟ್ಟಿದೆ?"

"ಚಿತ್ರಗಾರ ಬಿಡಿಸಿದ್ದು."

"ಅವನ ಮನಸ್ಸಿಗೆ ಬಂದ ಕಣ್ಣು. ಆ ತಾಯಿಗೆ ಅಷ್ಟು ಸಾಕಾಯ್ತಾ?"

ನನ್ನ ಕೈ ಅಂಗಿಯ ಕಿಸೆಗೆ ಹೋಯಿತು. ಧೈರ್ಯ ಬಂದದ್ದರಿಂದ ಅಲ್ಲ. ಇನ್ನೊಂದು ಅನುವಾದ ಮಾಡುವ ತ್ರಾಣ ಇರಲಿಲ್ಲ, ಅಷ್ಟೆ. ಫೋನು ತೆರೆದು ಅವರ ಕೈಯಲ್ಲಿ ಇಟ್ಟೆ. ಕಪ್ಪು ಬಿಳುಪಿನ ಒಂದು ಮಗು, ಮುಖ ಪರದೆಯ ತುಂಬ. ಹಣೆಗೆ ಬೊಟ್ಟು, ಕಿವಿಯ ಎರಡೂ ಕಡೆ ಮಲ್ಲಿಗೆ.

ಸುಮತಿಯಕ್ಕ ಕನ್ನಡಕ ಸರಿಮಾಡಿಕೊಂಡರು. ಮುಖ ನೋಡಿದರು. ನಗುತ್ತ ಕೇಳಿದರು:

"ಯಾರ ಮಗು ಇದು? ಚಂದ ಉಂಟು."

ಮೂವತ್ತೊಂದು ವರ್ಷ ನಾನು ಹೆದರಿದ್ದು ಅವರು ಬೈಯುತ್ತಾರೆಂದು, ಅಳುತ್ತಾರೆಂದು, ಪೇಟೆಯಲ್ಲಿ ಹೇಳುತ್ತಾರೆಂದು. ಹೀಗೆ ಕೇಳಬಹುದು ಎಂದು ಒಂದು ದಿನವೂ ಹೆದರಿರಲಿಲ್ಲ. ಬೆರಳಿನಿಂದ ಚಿತ್ರವನ್ನು ಮೇಲಕ್ಕೆ ಸರಿಸಿದೆ. ಫ್ರಾಕು ಬಂತು, ಅದರ ಅಂಚು ಬಂತು. ಒಂದು ಬಿಳಿ ಶೂ, ಒಂದು ಬರಿಗಾಲು. ಬರಿಗಾಲಿನ ಹೆಬ್ಬೆರಳು ಮೇಲಕ್ಕೆ ಎದ್ದು ನಿಂತಿತ್ತು.

ಅವರ ನಗು ಒಮ್ಮೆಲೇ ಹೋಗಲಿಲ್ಲ. ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು, ತೆಗೆಯಲಿಕ್ಕೆ ಮರೆತ ಹಾಗೆ.

ಎಲ್ಲ ಹೇಳಿದೆ. ಲಕೋಟೆ, ಬ್ಲೇಡು, ಹರೀಶನ ತಾಯಿ, ಎಲ್ಲ. ಎದುರಿಗೆ ಹನ್ನೊಂದು ಮಕ್ಕಳು ಉಸಿರು ಬಿಗಿಹಿಡಿದು ಕೇಳಿದವು.

"ಹಾಗಾದರೆ ಮನೆಯಲ್ಲಿರುವುದು?"

"ಹರೀಶ. ಬೋವಿಕಾನದವ."

"ಬದುಕಿದ್ದಾನಾ?"

"ಇದ್ದಾನೆ. ಆಟೋ ಓಡಿಸ್ತಾನೆ."

ಅವರು ಎದ್ದರು. ರೂತ್ ಬಂದು ಟೀ ಕುಡಿಯುವಾ ಎಂದರು. "ಮನೆಗೆ," ಎಂದರು ಸುಮತಿಯಕ್ಕ, ಕನ್ನಡದಲ್ಲೇ. ರೂತ್‌ಗೆ ಅರ್ಥವಾಯಿತು.

ಶ್ರುತಿಯ ಮನೆ

ರೂತ್ ನಮ್ಮನ್ನು ಬಾಗಿಲಲ್ಲಿ ಇಳಿಸಿ ಹೋದರು. ಚಪ್ಪಲಿ ಬಿಡದೆ ಎಂದೂ ಒಳಗೆ ಕಾಲಿಡದ ಹೆಂಗಸು ಚಪ್ಪಲಿ ಸಮೇತ ಒಳಗೆ ಹೋದರು. ಪಟ ಕಪಾಟಿನ ಮೇಲಿತ್ತು. ಒಡೆದು ಹಾಕುತ್ತಾರೆ ಎಂದುಕೊಂಡೆ. ಒಡೆಯಲಿ ಎಂದೂ ಅನಿಸಿತು. ಅವರು ಎರಡೂ ಕೈಯಿಂದ ಗಂಧದ ಮಾಲೆಯನ್ನು ಎತ್ತಿ ತೆಗೆದರು.

"ಬದುಕಿದ ಮಗುವಿಗೆ ಮಾಲೆ ಹಾಕಿಬಿಟ್ಟೆನಲ್ಲ ಮಾರಾಯಾ," ಎಂದರು. "ವರ್ಷ ವರ್ಷ ಅವನ ಹೆಸರಲ್ಲಿ, ಅಲ್ಲ, ಇವನ ಪಟದ ಮುಂದೆ ಎಲೆ ಹಾಕಿ ಬಡಿಸಿದ್ದೇನೆ. ಇವನಿಗೆ ಎಂತಾದರೂ ಆಗಿತ್ತಾ? ಸೀಕು, ಬಿದ್ದದ್ದು ಎಂತಾದರೂ?"

"ಇಲ್ಲ ಅಕ್ಕಾ."

"ಸರಿ ಹೇಳು ಶಂಕರ."

"ಒಮ್ಮೆ ಆಟೋ ಮಗುಚಿ ಕೈ ಮುರಿದಿತ್ತು. ಈಗ ಸರಿ ಉಂಟು."

ಅವರು ಮಾಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. "ಹೆಂಡತಿ ಮಕ್ಕಳು ಉಂಟಾ ಅವನಿಗೆ?"

"ಎರಡು ಹೆಣ್ಣು ಮಕ್ಕಳು."

"ಸದ್ಯ," ಎಂದರು.

ನನಗೆ ಒಂದು ಬೈಗುಳ ಬರಲಿಲ್ಲ. ನಾನು ಎಲ್ಲದಕ್ಕೂ ಹೆದರುವವ ಎಂದು ಊರಿಗೆಲ್ಲ ಗೊತ್ತು, ಹೆಂಡತಿ ಮಕ್ಕಳು ತಮಾಷೆ ಮಾಡುತ್ತಾರೆ. ಆ ಆಟೋದವನನ್ನು ವಾರಕ್ಕೆರಡು ಸಲ ನೋಡುತ್ತ, ಅವನ ಪಟಕ್ಕೆ ಮಾಲೆ ಬಿದ್ದದ್ದು ಗೊತ್ತಿದ್ದೂ, ಅವನಿಗಾಗಿ ನಾನು ಒಂದು ಗಳಿಗೆ ಹೆದರಿರಲಿಲ್ಲ. ನನ್ನ ಹೆದರಿಕೆಯೆಲ್ಲ ನನಗೇ ಮೀಸಲಾಗಿತ್ತು ಎಂಬುದು ಆ ಮನೆಯ ಸೋಫಾದಲ್ಲಿ ಕೂತು ತಿಳಿಯಿತು.

ಮುಳ್ಳೇರಿಯ

ವಾಪಸು ಬರುವಾಗ ವಿಮಾನದಲ್ಲಿ ಅವರು ಒಂದೇ ಮಾತು ಹೇಳಿದ್ದು. "ಆ ಫೋಟೋ ದೊಡ್ಡದು ಮಾಡು. ಹೂ ಇರಲಿ, ಬೊಟ್ಟು ಇರಲಿ. ಎಂತದೂ ತಿದ್ದಬೇಡ."

ತಿದ್ದಲಿಲ್ಲ. ನೆಗೆಟಿವ್‌ನ ಮೇಲೊಂದು ಗೀರು ಇತ್ತು, ಅದನ್ನೂ ಹಾಗೆಯೇ ಬಿಟ್ಟೆ. ಹಿಂದೆ ಪೆನ್ನಿನಲ್ಲಿ ಹೆಸರು ಬರೆದೆ. ಹದಿನೈದು ದಿನ ಅದು ಸ್ಟುಡಿಯೋದ ಮೇಜಿನ ಮೇಲೆ ಇತ್ತು. "ಯಾರ ಹುಡುಗಿ ಶಂಕರಣ್ಣ?" ಎಂದು ಬಂದವರೆಲ್ಲ ಕೇಳುತ್ತಿದ್ದರು. ಹುಡುಗಿಯಲ್ಲ, ಸುಮತಿಯಕ್ಕನ ಮಗ, ಎನ್ನುತ್ತಿದ್ದೆ. "ಅವರ ಮಗನ ಪಟ ಬೇರೆ ಉಂಟಲ್ಲ, ನಾವು ನೋಡಿದ್ದೇವಲ್ಲ?" ಎಂದರೆ ಅದನ್ನೂ ಹೇಳುತ್ತಿದ್ದೆ. ಕೆಲವರು ನಕ್ಕರು. ಕೆಲವರು ಈಗ ಫೋಟೋಕ್ಕೆ ಬೇರೆ ಸ್ಟುಡಿಯೋಕ್ಕೆ ಹೋಗುತ್ತಾರೆ.

ಸುಮತಿಯಕ್ಕ ಒಂದು ಬೆಳಿಗ್ಗೆ ಬಂದರು. ಹಳೆಯ ಪಟವನ್ನು ಎಂತ ಮಾಡಿದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅವರೇ ಹೇಳಿದರು. "ಒಳಗೆ ಇಟ್ಟಿದ್ದೇನೆ. ಮಾಲೆ ಇಲ್ಲ. ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಇಷ್ಟು ವರ್ಷ ಮಾತಾಡಿದ್ದು ಅದರ ಹತ್ತಿರ ಅಲ್ವಾ."

ಹೊಸದನ್ನು ಬೆಳಕಿಗೆ ಹಿಡಿದು ನೋಡಿದರು. ಹಳೆಯ ಪಟ ಕೊಟ್ಟ ದಿನದಷ್ಟೇ ಹೊತ್ತು ನೋಡಿದರು.

"ಅವನ ಗಲ್ಲ ಹೀಗೆಯೇ ಇತ್ತಾ ಶಂಕರ?"

ನಾಲಿಗೆಯ ತುದಿಗೆ ಹಳೆಯ ಉತ್ತರ ಬಂದಿತ್ತು. ನುಂಗಿದೆ.

"ನನಗೆ ನೆನಪಿಲ್ಲ ಅಕ್ಕಾ."

"ನನಗೂ ಇಲ್ಲ," ಎಂದರು. ಹೆಬ್ಬೆರಳಿನಿಂದ ಪಟದ ಕೆಳಗಿನ ಅಂಚನ್ನು ಮೆಲ್ಲ ಒರೆಸಿದರು. "ಕಾಲು ಮಾತ್ರ ಅವನದ್ದೇ."